ಅಳತೆಗೆ ಹಾಕಿದ ಬೀಗ

ಮದುವೆ ಫೋಟೋ ತೆಗೆಯುವ ಭೋಜರಾಜನ ಸ್ಟುಡಿಯೋದ ಕಂಪ್ಯೂಟರ್ ಸತ್ತ ಸುದ್ದಿಯನ್ನು ಮುತ್ತ ಬಂಗುಡೆ ಮೀನಿನ ಜೊತೆಯಲ್ಲೇ ಮನೆಗೆ ತಂದ.

"ಪಾಪ, ಅಂಗ್ಡಿ ಮೆಟ್ಲ್ ಮೇಲ್ ಕೂಕಂಡ್ ಕಣ್ಣೀರ್ ಹಾಕುದೊಂದ್ ಬಾಕಿ," ಎನ್ನುತ್ತ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. "ಈ ವರ್ಷದ್ ಮದಿ ಫೋಟೋ ಎಲ್ಲ ಹೋಯ್ತಂಬ್ರ್. ಮದಿ ಮನಿಯವ್ರ್ ಬಂದ್ ಬಾಯಿಗ್ ಬಂದಂಗ್ ಬಯ್ತಾ ಇದ್ರ್. ಅವ್ರ್ ಹೇಳುದೂ ಸಮ. ಫೋಟೋ ಹೋಯ್ತಂದೇಳಿ ಮತ್ತೊಂದ್ಸಲ ಮದಿ ಆಪುಕಾತ್ತಾ?"

ಮುತ್ತನಿಗೆ ಮೊಣಕಾಲು ಹಿಡಿದ ಮೇಲೆ ಕಡಲಿಗೆ ಹೋಗುವುದು ನಿಂತಿತ್ತು. ಈಗ ಮೀನು ತರುವುದು, ಸಾರು ಮಾಡುವುದು, ಊರ ಸುದ್ದಿ ತರುವುದು ಅವನ ಕೆಲಸ. ಮನೆ ನಡೆಯುತ್ತಿದ್ದದ್ದು ಮಗ ನಿತೇಶ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ದುಡಿಯುವುದರಿಂದ ಮತ್ತು ಹೆಂಡತಿ ಪ್ರಫುಲ್ಲಾ ಮುಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದ ರವಿಕೆ ಹೊಲಿಯುವ ಅಂಗಡಿಯಿಂದ. ತ್ರಾಸಿ, ನಾವುಂದ, ಮರವಂತೆಯ ಹೆಂಗಸರೆಲ್ಲ ಅವಳಲ್ಲಿಗೇ ಬರುತ್ತಿದ್ದರು. ಅವರಿಗಿಂತ ಹೆಚ್ಚು ಜನ ಊರು ಬಿಟ್ಟು ಮುಂಬಯಿ ಸೇರಿದವರು. "ಪ್ರಫುಲ್ಲಕ್ಕ, ಮೇ ತಿಂಗ್ಳಗ್ ಬತ್ತೆ, ಬಟ್ಟೆ ಬಸ್ಸಲ್ ಕಳ್ಸಿದೆ, ಹೊಲ್ದ್ ಇಡಿ" ಎಂದು ಫೋನು ಮಾಡಿದರೆ ಸಾಕು. ಅಳತೆ ಅವಳ ಹತ್ತಿರ ಇರುತ್ತಿತ್ತು. ಊರಿಗೆ ಬಂದಿಳಿದವರು ರವಿಕೆ ತೊಟ್ಟು ನೇರ ಮದುವೆಮನೆಗೆ ಹೋಗಬಹುದಿತ್ತು.

ಆ ಅಳತೆಗಳನ್ನೆಲ್ಲ ಹಳೆಯ ಪುಸ್ತಕಗಳಿಂದ ಕಂಪ್ಯೂಟರಿಗೆ ಹಾಕಿದವಳು ಸೊಸೆ ಸೌಮ್ಯಶ್ರೀ. ಬಿ.ಕಾಂ ಓದಿದವಳು, ಮದುವೆಯಾಗಿ ಬಂದ ಮೇಲೆ ಅತ್ತೆಯ ಕೈಕೆಳಗೆ ಹೊಲಿಗೆ ಕಲಿತಿದ್ದಳು. ಅವಳು ಮಾವನ ಮಾತು ಕೇಳಿ ಊಟದ ಬಟ್ಟಲು ಮುಂದಿಟ್ಟುಕೊಂಡು ಕೂತಳೇ ಹೊರತು ಅನ್ನ ಕಲೆಸಲಿಲ್ಲ.

"ಅತ್ತೆ, ನಮ್ದೂ ಒಂದೇ ಕಂಪ್ಯೂಟ್ರಲ್ಲಿ ಇಪ್ಪುದ್. ಅದ್ ಹೋರೆ?"

"ಹೋರೆ ಪುಸ್ತಕ ಇತ್ತಲೇ."

"ಪುಸ್ತಕ ಅರ್ಧ ಒರ್ಲಿ ತಿಂದಿತ್ತ್. ಇನ್ನೊಂದ್ ಪ್ರತಿ ಹೊರಗೆ ಇಡ್ಕ್. ಇಂಟರ್ನೆಟ್ಟಲ್ಲಿ ಇಡುದ್. ಮನಿಗೆ ಬೆಂಕಿ ಬಿದ್ರೂ, ಕಳ್ರ್ ಬಂದ್ರೂ ಅದಿರತ್ತ್."

"ಹೊರಗೆ ಅಂದ್ರೆ ಎಲ್ಲಿ?"

"ಎಲ್ಲೋ ದೂರದ್ ಊರಲ್ಲಿ. ಕಂಪೆನಿಯವ್ರ ದೊಡ್ಡ ಕಂಪ್ಯೂಟ್ರಲ್ಲಿ."

ಪ್ರಫುಲ್ಲಾಳ ಕೈಯ ತುತ್ತು ಅಲ್ಲೇ ನಿಂತಿತು. "ನಮ್ಮೂರ್ ಹೆಂಗ್ಸ್ರ್ ಎದಿ ಅಳ್ತಿ ಗುರ್ತಿಲ್ದ್ ಗಂಡ್ಸ್ರ್ ಮನಿಗ್ ಕಳ್ಸುದಾ? ನಿಂಗೆ ತಲೆ ಸಮ ಇತ್ತಾ ಹೆಣೆ?"

ನಿತೇಶನಿಗೆ ನಗು ಬಂತು. ಅಮ್ಮನ ಮುಖ ನೋಡಿ ಮೀನಿನ ಮುಳ್ಳು ಬಿಡಿಸತೊಡಗಿದ.

ಮಾತು ಅಲ್ಲಿಗೆ ನಿಂತರೂ ಪ್ರಫುಲ್ಲಾಳ ಮನಸ್ಸು ನಿಲ್ಲಲಿಲ್ಲ. ಅವಳಿಗೆ ಚಿಂತೆ ಇದ್ದದ್ದು ಎಲ್ಲರ ಅಳತೆಯದಲ್ಲ, ಒಬ್ಬಳದು. ಪದ್ದು ಅವಳ ಬಾಲ್ಯದ ಗೆಳತಿ, ಮುಂಬಯಿಯ ಡೊಂಬಿವಲಿಯಲ್ಲಿ ಸಂಸಾರ. ವರ್ಷಗಳ ಹಿಂದೆ ಅಲ್ಲಿ ಅವಳಿಗೆ ಆಪರೇಷನ್ ಆಗಿ ಎಡ ಮೊಲೆ ತೆಗೆದಿದ್ದರು. ಊರಲ್ಲಿ ಅದು ಗೊತ್ತಿದ್ದದ್ದು ಪ್ರಫುಲ್ಲಾಳಿಗೆ ಮಾತ್ರ. ಎಡಬದಿಗೆ ಹತ್ತಿಯ ಮೆತ್ತೆ ಕೂರಿಸಿ, ಎರಡೂ ಬದಿ ಒಂದೇ ಸಮ ಕಾಣುವ ಹಾಗೆ ಅವಳೇ ರವಿಕೆ ಹೊಲಿದು ಕೊಡುತ್ತಿದ್ದಳು. ಸ್ವಂತ ತಂಗಿಗೂ ಪದ್ದು ಹೇಳಿರಲಿಲ್ಲ. ಆ ಅಳತೆಯನ್ನು ಪ್ರಫುಲ್ಲಾ ಪುಸ್ತಕದಲ್ಲಿ ಬರೆಯಲೂ ಇಲ್ಲ, ಸೊಸೆಗೆ ಹೇಳಲೂ ಇಲ್ಲ. ತಲೆಯಲ್ಲೇ ಇಟ್ಟುಕೊಂಡಿದ್ದಳು. ಆದರೆ ಇತ್ತೀಚೆಗೆ ಆ ತಲೆಯ ಮೇಲೇ ಅವಳಿಗೆ ನಂಬಿಕೆ ಕಡಿಮೆಯಾಗಿತ್ತು. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ಕಣ್ಣಿಗೂ ಮಸುಕು ಬಂದಿತ್ತು. ಸೂಜಿಗೆ ನೂಲು ಪೋಣಿಸಿಕೊಡುವುದು ಈಗ ಸೌಮ್ಯಳ ಕೆಲಸ.

ಸೌಮ್ಯ ಅಷ್ಟಕ್ಕೇ ಬಿಡುವವಳಲ್ಲ. ಮಾರನೆಯ ದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಅತ್ತೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು.

"ಇದ್ ನಿಮ್ಮ್ ಅಳ್ತಿ. ಕಾಂತಾ? ಈಗ ಕಳ್ಸುಕ್ ಮುಂಚೆ ಇದಕ್ಕ್ ಬೀಗ ಹಾಕತ್ತ್. ಎನ್‌ಕ್ರಿಪ್ಟ್ ಮಾಡುದ್ ಅಂತ್ರ್. ಬೀಗ ಹಾಕ್ದ್ ಮೇಲೆ ಹ್ಯಾಂಗಿರತ್ತ್ ಕಾಣಿ."

ಪ್ರಫುಲ್ಲಾ ಕನ್ನಡಕ ಏರಿಸಿ ನೋಡಿದಳು. "ಇದೆಂತ, ಕೋಳಿ ಕೆರ್ದಂಗ್ ಇತ್ತ್."

"ಕಂಪೆನಿಯವ್ರಿಗೆ ಕಾಂಬುದೂ ಅಷ್ಟೇ. ಕೋಳಿ ಕೆರ್ದದ್. ಕೀ ನಮ್ಮತ್ರ ಮಾತ್ರ ಇಪ್ಪುದ್. ಕೀ ಇಲ್ದೆ ಅವ್ರಿಗೂ ತೆಗುಕಾತಿಲ್ಲೆ, ಪೊಲೀಸರಿಗೂ ತೆಗುಕಾತಿಲ್ಲೆ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮುತ್ತ ತಲೆಹಾಕಿದ. "ಅಂದ್ರೆ ಪೆಟ್ಗಿಗೆ ಬೀಗ ಹಾಕಿ ಬೇರೆಯವ್ರ ದೋಣೀಲ್ ಇಟ್ಟಂಗೆ. ದೋಣಿಯವ್ನಿಗ್ ಪೆಟ್ಗಿ ಕಾಂತ್, ಒಳ್ಗಿದ್ದದ್ ಕಾಂತಿಲ್ಲೆ. ಸಮಾ?"

"ಸಮ ಮಾವ."

"ಕೀ ಕಳ್ಕಂಡ್ರೆ?"

"ಕಳ್ಕಂಡ್ರೆ ಹೋಯ್ತ್. ಯಾರಿಗೂ ತೆಗುಕಾತಿಲ್ಲೆ."

ಪ್ರಫುಲ್ಲಾ ಕನ್ನಡಕ ತೆಗೆದು ಮಡಚಿದಳು. ಆಮೇಲೆ, "ಹಾಂಗಾರೆ ಕೀ ನನ್ನತ್ರ ಇರ್ಲಿ. ನನ್ನತ್ರ ಮಾತ್ರ. ಒಪ್ಪಿದ್ರೆ ಮಾಡ್, ಇಲ್ದಿರೆ ಬೇಡ," ಎಂದಳು.

ಸೌಮ್ಯಳ ಮುಖ ಸಪ್ಪಗಾಯಿತು. ಆದರೂ ಒಪ್ಪಿದಳು. ಕಂಪೆನಿಗೆ ಬಾಡಿಗೆ ಕಟ್ಟಲು ನಿತೇಶ ತನ್ನ ಬ್ಯಾಂಕ್ ಕಾರ್ಡ್ ಕೊಟ್ಟ. ಭಾನುವಾರ ಸೌಮ್ಯ ಎಲ್ಲ ಸಿದ್ಧ ಮಾಡಿ, ಬೀಗಕ್ಕೆ ಕೀ ಆಗುವ ಗುಟ್ಟಿನ ಪದ ಒತ್ತುವ ಹೊತ್ತಿಗೆ ಎದ್ದು ಹೋಗಿ ಪರದೆಯ ಆಚೆ ನಿಂತಳು. ಒಳಗೆ ಪ್ರಫುಲ್ಲಾ ಮೊದಲು ಮಾಡಿದ ಕೆಲಸ, ಸೊಸೆ ಹೇಳಿಕೊಟ್ಟ ಪ್ರಕಾರ ಒಂದೇ ಬೆರಳಲ್ಲಿ ಪದ್ದುವಿನ ಅಳತೆಯನ್ನು ಹೊರಗೆ ಹೋಗುವ ಪಟ್ಟಿಗೆ ಮಾತ್ರ ಸೇರಿಸಿದ್ದು. ಆಮೇಲೆ ಕೀ. ಅಂಕೆಗಳನ್ನು ಒತ್ತಿದಳು. ಕಂಪ್ಯೂಟರ್ ಒಪ್ಪಲಿಲ್ಲ.

"ಬರೀ ಅಂಕೆ ಸಾಕಾತಿಲ್ಲೆ ಅತ್ತೆ," ಪರದೆಯ ಆಚೆಯಿಂದ ಸೌಮ್ಯ ಕೂಗಿದಳು. "ಒಂದಾರೂ ಅಕ್ಷರ ಬೇಕ್."

ಒಂದು ಅಕ್ಷರ ಒತ್ತಿದಳು. ಒಪ್ಪಿತು. ಕಂಪ್ಯೂಟರ್ ಅದನ್ನೇ ಎರಡು ಸಲ ಬರೆಸಿಕೊಂಡಿತು. ಮೋಡೆಮ್ಮಿನ ಹಸಿರು ದೀಪ ಮಿಣುಕತೊಡಗಿತು. ಅಳತೆಗಳ ಜೊತೆ ಸೌಮ್ಯ ತೆಗೆದಿಟ್ಟ ರವಿಕೆ ನಮೂನೆಗಳ ಫೋಟೋ ಬೇರೆ ಇದ್ದವು. ಎಲ್ಲ ಹೋಗಿ ಮುಟ್ಟಲು ಆ ವಾರ ಪೂರ್ತಿ ಬೇಕಾಯಿತು.

ಜಗಳ ಹುಟ್ಟಿದ್ದು ಬಚ್ಚಲಲ್ಲಿ.

ಏಪ್ರಿಲಿನ ವಿಷು ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಪ್ರಫುಲ್ಲಾ ಸ್ನಾನಕ್ಕೆ ಹೋದಾಗ ಹಂಡೆಯ ಒಲೆಯ ಬಾಯಲ್ಲಿ ಅರ್ಧ ಸುಟ್ಟ ನೀಲಿ ರಟ್ಟು ಕಂಡಳು. ಅವಳಿಗೆ ಆ ರಟ್ಟಿನ ಗುರುತು ಹತ್ತದಿರುತ್ತದೆಯೇ? ಕೋಲಿನಿಂದ ಎಳೆದು ನೋಡಿದರೆ ಅವಳದೇ ಅಳತೆ ಪುಸ್ತಕ. ಹಳೆಯ ಪುಸ್ತಕಗಳನ್ನೆಲ್ಲ ತುಂಬಿಟ್ಟಿದ್ದ ಗೋಣಿಚೀಲ ಬಚ್ಚಲ ಮೂಲೆಯಲ್ಲಿ ಬರಿದಾಗಿ ಬಿದ್ದಿತ್ತು.

"ಹ್ವಾಯ್!" ಎಂದು ಅವಳು ಕೂಗಿದ ಕೂಗಿಗೆ ಮುತ್ತ ಚಾದ ಲೋಟ ಹಿಡಿದೇ ಓಡಿಬಂದ. "ಎಂತ ಮಾಡ್ರಿ ಇದ್?"

"ಒಲಿ ಹೊತ್ಸುಕೆ... ನಾಲ್ಕ್ ದಿನದಿಂದ... ಎಲ್ಲ ಕಂಪ್ಯೂಟ್ರಲ್ಲಿ ಇತ್ತಲೆ. ಇನ್ನೊಂದ್ ಹೊರ್ಗೂ ಇತ್ತಲೆ. ಮತ್ತೆಂತಕ್ ಅಂದೇಳಿ..."

"ಮೂವತ್ತ್ ವರ್ಷದ್ ನನ್ ಕೈ ಬರಹ ನಿಮಗೆ ಸೌದಿ ಆಯ್ತಾ?"

ಮುತ್ತ ಲೋಟ ಕೆಳಗಿಟ್ಟು ರಟ್ಟಿನ ಬೂದಿ ಒರೆಸತೊಡಗಿದ. ಗಂಡನ ಮೇಲಿನ ಸಿಟ್ಟು ಬಾಗಿಲಿಗೆ ಬಂದು ನಿಂತಿದ್ದ ಸೊಸೆಯ ಕಡೆ ತಿರುಗಿತು.

"ನೀನೇ ಅಲ್ದಾ ಹೇಳ್ದದ್, ಎಲ್ಲ ಕಂಪ್ಯೂಟ್ರಲ್ಲಿ ಇತ್ತ್ ಅಂತ? ನಿನ್ನ ಯಂತ್ರ ಬಂದ್ ಮೇಲೆ ನನ್ನ ಪುಸ್ತಕವೂ ಬೇಡ, ನಾನೂ ಬೇಡ. ನಾಳಿಗ್ ನನ್ನನ್ನೂ ಒಲಿಗ್ ಹಾಕಿ."

"ನಾ ಸುಡಿ ಅಂದಿದ್ನಾ ಅತ್ತೆ?"

"ಅನ್ಲಿಲ್ಲ. ಅನ್ಸ್ದೆ."

ಸೌಮ್ಯಳಿಗೂ ತಡೆಯಲಾಗಲಿಲ್ಲ. "ಯಂತ್ರ ನಂದ್ ಆರೆ ಕೀ ಎಂತಕ್ ನಿಮ್ಮತ್ರ ಇಟ್ಕಂಡ್ರಿ? ದಿನಾ ಟೈಪ್ ಮಾಡುದ್ ನಾನ್, ಹೊಲುದ್ ನಾನ್. ನಂಬುದ್ ಮಾತ್ರ ಇಲ್ಲೆ. ನಾ ಊರಿಡೀ ಹೇಳ್ಕಂಡ್ ತಿರ್ಗುವಳ್ ಅಂದೇಳಿ ಮಾಡ್ಕಂಡಿದ್ರಿ ಅಲ್ದಾ?"

ಆ ಮಾತಿಗೆ ಪ್ರಫುಲ್ಲಾಳ ಹತ್ತಿರ ಉತ್ತರ ಇತ್ತು, ಆದರೆ ಹೇಳುವ ಹಾಗಿರಲಿಲ್ಲ. ಹೇಳಿದರೆ ಪದ್ದುವಿನ ಹೆಸರು ಬರುತ್ತಿತ್ತು. ಅವಳು ಒದ್ದೆ ಕಾಲಲ್ಲೇ ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ತುರುಕಿಕೊಂಡಳು. ಹತ್ತು ಗಂಟೆಯ ಬಸ್ಸಿಗೆ ಬಾರ್ಕೂರಿನ ತಂಗಿ ವನಜಳ ಮನೆಗೆ ಹೊರಟೇಬಿಟ್ಟಳು. ನಿತೇಶ ಬೈಕಿನಲ್ಲಿ ಬಸ್ಸಿನ ಹಿಂದೆ ಸ್ವಲ್ಪ ದೂರ ಹೋಗಿ, ಕೆಲಸಕ್ಕೆ ಹೊತ್ತಾಯಿತೆಂದು ತಿರುಗಿಬಂದ.

ವನಜಳಿಗೆ ಅಕ್ಕ ಬಂದದ್ದು ಹಬ್ಬ. ಮೊದಲ ದಿನ ಕೋಳಿ ಸುಕ್ಕ, ಎರಡನೆಯ ದಿನ ನೀರುದೋಸೆ, ಹೊಳೆಯ ಸಿಗಡಿ. ಮೂರನೆಯ ದಿನದಿಂದ ಪ್ರಫುಲ್ಲಾಳ ಕೈಗೆ ಕೆಲಸವಿಲ್ಲದೆ ತುರಿಕೆ ಹತ್ತಿತು. ವನಜಳ ಮನೆಯ ದಿಂಬಿನ ಕವರುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದಳು. ಹೊಲಿಗೆ ಸೊಟ್ಟ ಹೋಯಿತು. ವನಜ ಕಂಡರೂ ಕಾಣದವಳಂತಿದ್ದಳು.

"ಫೋನ್ ಬಂತಾ?" ಎಂದು ಪ್ರಫುಲ್ಲಾ ಆಗಾಗ ಕೇಳುತ್ತಿದ್ದಳು.

"ನಿನ್ನ ಗಂಡಂದ್ ಬಂದಿತ್ತ್. ಸಾರಿಗೆ ಕೊತ್ತಂಬ್ರಿ ಎಷ್ಟ್ ಹುರುದ್ ಅಂದೇಳಿ ಕೇಂಡ್ರ್."

"ಸೊಸಿದ್?"

"ಇಲ್ಲೆ."

ಆ ವಾರದ ಕೊನೆಗೆ ಕಡಲ ಕಡೆಯಿಂದ ಗುಡುಗು ಮಳೆ ಬಂತು. ತಗಡು ಹಾರಿಸುವ ಗಾಳಿ, ಕಣ್ಣು ಕುಕ್ಕುವ ಮಿಂಚು. ಮಾರನೆಯ ಮಧ್ಯಾಹ್ನ ವನಜಳ ಅಂಗಳದಲ್ಲಿ ಸೌಮ್ಯ ಬಂದು ನಿಂತಳು. ಬಸ್ಸಿನಲ್ಲಿ ನಿಂತೇ ಬಂದವಳ ಸೀರೆ ಮುದುಡಿತ್ತು. ಕೈಯಲ್ಲಿ ಡಬ್ಬಿ.

"ಒಣ ಸಿಗಡಿ ಚಟ್ನಿ. ನಿಮಗೆ ಅಂದೇಳಿ ಮಾಡ್ದೆ."

"ಬಾ. ಕೂಕೊ, ಉಂಬ," ಎಂದಳು ಪ್ರಫುಲ್ಲಾ.

ಇಬ್ಬರೂ ಉಂಡರು. ಮಾವ ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಾರೆ, ಕೇಳಿದರೆ ಬಾಯಿ ರುಚಿ ಸರಿ ಇಲ್ಲ ಅನ್ನುತ್ತಾರೆ ಎಂದು ಸೌಮ್ಯ ಹೇಳಿದಳು. ಪ್ರಫುಲ್ಲಾಳಿಗೆ ನಗು ಬಂದು ನೆತ್ತಿಗೆ ಹತ್ತಿತು. ಸೌಮ್ಯ ನೀರಿನ ಲೋಟ ಮುಂದೆ ಮಾಡಿದಳು. ಕೈ ತೊಳೆದು ಚಾವಡಿಗೆ ಬಂದ ಮೇಲೆಯೇ ಅವಳು ಅಸಲು ಮಾತು ತೆಗೆದದ್ದು.

"ನಿನ್ನೆ ಸಿಡ್ಲ್ ಬಡೀತ್ ಅತ್ತೆ. ಕರೆಂಟಿನ್ ವಯರ್ ತೆಗ್ದಿದ್ದೆ, ಫೋನಿಂದ್ ಮರ್ತೆ. ಮೋಡೆಮ್ ಸುಟ್ ಹೋಯ್ತ್. ಕಂಪ್ಯೂಟ್ರೂ ಸುಟ್ಟಿತ್ತ್. ಒಳ್ಗಿದ್ದದ್ ಒಂದೂ ಬತ್ತಿಲ್ಲೆ ಅಂದ್ರ್ ರಿಪೇರಿಯವ್ರ್. ನಂದೇ ತಪ್ಪ್."

ಪುಸ್ತಕ ಒಲೆಯಲ್ಲಿ ಹೋಗಿತ್ತು. ಕಂಪ್ಯೂಟರ್ ಸಿಡಿಲಿಗೆ ಹೋಯಿತು. ಮುಂಬಯಿಯಿಂದ ಬಂದ ಬಟ್ಟೆಗಳು ಅಂಗಡಿಯ ಕಪಾಟಿನಲ್ಲಿ ರಾಶಿ ಬಿದ್ದಿದ್ದವು. ಪದ್ದುವಿನ ಮಗಳು ಪೂಜಿತಾಳ ಮದುವೆ ಮೇ ತಿಂಗಳಲ್ಲಿ ಊರಲ್ಲೇ ಇತ್ತು; ಆ ಬಟ್ಟೆಗಳೂ ರಾಶಿಯಲ್ಲಿದ್ದವು. ಪ್ರಫುಲ್ಲಾ ಕಣ್ಣು ಮುಚ್ಚಿ ಪದ್ದುವಿನ ಅಳತೆ ನೆನಪಿಸಿಕೊಳ್ಳಲು ನೋಡಿದಳು. ಬೆನ್ನು, ತೋಳು ನೆನಪಾಯಿತು. ಎಡಬದಿಯದು ಬರಲಿಲ್ಲ. ಬರೆದಿಟ್ಟ ದಿನದಿಂದಲೇ ತಲೆ ಅದನ್ನು ಇಳಿಸಿಬಿಟ್ಟಿತ್ತು.

"ಹೊರ್ಗ್ ಇಟ್ಟದ್ ಇತ್ತಲೆ?" ಎಂದಳು.

"ಇತ್ತ್. ಕೀ ಬೇಕ್."

"ಕೀ ಬೇಕ್ ಅಂದೇಳಿಯೇ ಬಂದ್ಯಾ?"

"ಕೀಗೆ ಆರೆ ಫೋನ್ ಮಾಡ್ತಿದ್ದೆ," ಎಂದಳು ಸೌಮ್ಯ. ಅಷ್ಟು ಹೇಳುವಾಗ ಅವಳ ದನಿ ಒಡೆಯಿತು. "ನಿಮ್ಮನ್ನ ಕರ್ಕಂಡ್ ಹೋಪುಕ್ ಬಂದೆ."

ಪ್ರಫುಲ್ಲಾ ಎದ್ದು ಒಳಗೆ ಹೋದಳು. ವನಜ ಹೆದರಿ ಹಿಂದೆಯೇ ಹೋದರೆ, ಅಕ್ಕ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

ಮನೆಯ ಫೋನು ಲೈನು ಹೋಗಿದ್ದರಿಂದ ಎಲ್ಲರೂ ಭೋಜರಾಜನ ಸ್ಟುಡಿಯೋದಲ್ಲಿ ಸೇರಿದರು. ನಿತೇಶ ಗೆಳೆಯನ ಲ್ಯಾಪ್‌ಟಾಪ್ ತಂದಿದ್ದ. ಭೋಜರಾಜ ತನ್ನ ಇಂಟರ್ನೆಟ್ ಬಿಟ್ಟುಕೊಟ್ಟು, "ನಂದಂತೂ ಹೋಯ್ತ್, ನಿಮ್ದಾರೂ ಬರ್ಲಿ," ಎಂದು ತಾನೇ ಕುರ್ಚಿ ಒರೆಸಿದ. ಸೌಮ್ಯ ಎಲ್ಲ ತೆರೆದು ಗಂಡಸರನ್ನು ಹೊರಗೆ ಕಳಿಸಿದಳು. ತಾನೂ ಹೊರಡುವವಳಿದ್ದಳು.

ಪ್ರಫುಲ್ಲಾ ಒತ್ತಿದಳು. ತಪ್ಪು ಎಂದಿತು. ಕೀಬೋರ್ಡಿನ ಮೇಲಿನ ಅಂಕೆಗಳು ಅವಳ ಕಣ್ಣಿಗೆ ಇರುವೆಗಳ ಹಾಗೆ ಕಾಣುತ್ತಿದ್ದವು. ಮತ್ತೆ ಒತ್ತಿದಳು. ಮತ್ತೆ ತಪ್ಪು. ಕನ್ನಡಕ ಎತ್ತಿ ಕಣ್ಣುಜ್ಜಿಕೊಂಡಳು.

"ಸೌಮ್ಯ, ಹೋಗ್ಬೇಡ. ನಂಗ್ ಕಾಂತಿಲ್ಲೆ. ನಾ ಹೇಳ್ತೆ, ನೀ ಒತ್ತ್."

ಸೌಮ್ಯ ತಿರುಗಿ ಅತ್ತೆಯ ಮುಖ ನೋಡಿದಳು. "ನಾನಾ?"

"ನೀನಲ್ದೆ ಮತ್ಯಾರ್? ಕೂಕೊ."

ಪ್ರಫುಲ್ಲಾ ಕಿವಿಯ ಹತ್ತಿರ ಬಾಗಿ ಒಂದೊಂದೇ ಅಂಕೆ ಹೇಳಿದಳು. ಸೌಮ್ಯ ಒತ್ತುತ್ತ ಒತ್ತುತ್ತ ಬೆರಳು ನಿಲ್ಲಿಸಿದಳು. ಹೊಲಿಗೆಯವಳಿಗೆ ಅಂಕೆಗಳ ಸಾಲು ಕಂಡರೆ ಮೈ ಕಾಣುತ್ತದೆ. "ಎದೆ, ಸೊಂಟ, ತೋಳ್... ಅತ್ತೆ, ಇದ್ ಯಾರ್ ಅಳ್ತಿ?"

"ನನ್ ಅಬ್ಬೆದ್. ನಾ ಮೊದ್ಲ್ ಹೊಲ್ದದ್ ಅವ್ಳ್ ರವ್ಕಿ. ಬೇರೆ ಎಲ್ಲ ಮರ್ತ್ರೂ ಅದ್ ಮರೂದಿಲ್ಲೆ." ಹೇಳಿದವಳು ಸೊಸೆಯ ಭುಜ ಹಿಡಿದಳು. "ಎ! ಅಬ್ಬೆದ್ ಅಂದೇಳಿ ಕೊನಿಗ್ ಇಂಗ್ಲಿಷ್ ಎ ಒತ್ತಿದ್ದೆ. ಅಕ್ಷರ ಬೇಕ್ ಅಂದಿದ್ಯಲೆ ನೀನ್!"

ಸೌಮ್ಯ ಕೊನೆಗೆ ಎ ಒತ್ತಿದಳು. ಬೀಗ ತೆರೆಯಿತು.

ಪಟ್ಟಿ ಮೊದಲು ಬಂತು. ಹೆಸರುಗಳು ಒಂದರ ಕೆಳಗೊಂದು ಸಾಲಾಗಿ ನಿಂತವು. ಸೌಮ್ಯ ಓದುತ್ತ ಹೋದಳು. ಪ್ರಫುಲ್ಲಾ ಎದುರಿಗೆ ಬಂದವರನ್ನು ಮಾತಾಡಿಸುವಂತೆ, "ಹೋ ನಾವುಂದದ್ ಪಾರಕ್ಕ... ಇವ್ಳ್ ಬಗ್ಗಿ ನಡುದ್, ಬೆನ್ನ್ ಉದ್ದ ಇಡ್ಕ್... ಈ ಹೆಣ್ಣಿಗ್ ಮೈ ಬಂದಿತ್ತ್, ಫೋನ್ ಮಾಡಿ ಕೇಣ್ಕ್," ಎನ್ನುತ್ತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಮುತ್ತನಿಗೆ ಅವಳ ದನಿ ಕೇಳಿಯೇ ಸಮಾಧಾನವಾಗಿ, ಭೋಜರಾಜನ ಹತ್ತಿರ ಒಂದು ಬೀಡಿ ಇಸಿದುಕೊಂಡ.

ಆಗ ಸೌಮ್ಯ, "ಪದ್ದು, ಡೊಂಬಿವಲಿ," ಎಂದಳು.

ಪ್ರಫುಲ್ಲಾ ಅಂಗೈಯನ್ನು ಪರದೆಗೆ ಅಡ್ಡ ಹಿಡಿದಳು. "ಅದೊಂದ್ ಓದ್ಬೇಡ ಮಗಾ."

ಸೌಮ್ಯ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಳು. ಏನೆಂದು ಕೇಳಲಿಲ್ಲ. ಅಂದೂ ಕೇಳಲಿಲ್ಲ, ಆ ವಾರವಿಡೀ ಒಟ್ಟಿಗೆ ಕೂತು ಬಟ್ಟೆ ಕತ್ತರಿಸುವಾಗಲೂ ಕೇಳಲಿಲ್ಲ.

ಕುಂದಾಪುರದ ಕಣ್ಣಿನ ಡಾಕ್ಟರು ಪೊರೆ ತೆಗೆಯಲು ದಿನ ಗೊತ್ತುಮಾಡಿದರು. ಎರಡೂ ಕಣ್ಣಿನ ಪೊರೆ ಮಾಗಿದೆ, ಇನ್ನು ಕಾಯುವ ಹಾಗಿಲ್ಲ ಎಂದರು. ಆಮೇಲೆ ಒಂದು ತಿಂಗಳು ಹೊಲಿಗೆ ಕೂಡದು. ಪ್ರಫುಲ್ಲಾ ಮನೆಗೆ ಬಂದವಳೇ ಮೊಬೈಲ್ ಹಿಡಿದು ಹಿತ್ತಲ ತೆಂಗಿನ ಬುಡಕ್ಕೆ ಹೋಗಿ ನಿಂತಳು.

"ಪದ್ದು, ನನ್ ಕಣ್ಣಿಂದ್ ಆಪರೇಷನ್. ನಿನ್ ರವ್ಕಿ ನಾ ಹೊಲುಕಾತಿಲ್ಲೆ."

ಆ ಕಡೆ ಲೋಕಲ್ ರೈಲಿನ ಸದ್ದು. "ಅಡ್ಡಿಲ್ಲೆ. ಹಳೇದ್ ಒಂದ್ ಹಾಕ್ಕಂತೆ."

"ಮಗಳ್ ಮದಿಗ್ ಹಳೆ ರವ್ಕಿಯಾ? ನನ್ ಸೊಸಿಗ್ ಹೇಳ್ಲಾ? ನೀ ಹೂಂ ಅಂದ್ರೆ ಮಾತ್ರ."

ಪ್ರಫುಲ್ಲಾ ತೆಂಗಿಗೆ ಒರಗಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಪಟ್ಟಿ ತೆಗ್ದಾಗ ನಿನ್ ಹೆಸ್ರ್ ಬಂತ್ ಪದ್ದು. ಓದ್ಬೇಡ ಅಂದೆ. ಸೊಸಿ ಗ್ವಾಡಿ ಕಂಡ್ಕಂಡ್ ಕೂತ್ಕಂತ್. ಇವತ್ತಿನ್ ವರಿಗೂ ಕೇಂಡದ್ದಿಲ್ಲೆ."

ಇನ್ನೊಂದು ರೈಲು ಹಾದುಹೋಯಿತು. "ಹಾಂಗಾರೆ ಹೇಳ್," ಎಂದಳು ಪದ್ದು.

ಅಂಗಡಿಯ ಪರದೆ ಎಳೆದು ಪ್ರಫುಲ್ಲಾ ಹೇಳಿದಳು. ಹೇಳುವಾಗ ಅವಳೇ ಅತ್ತಳು. ಸೌಮ್ಯ ಅಳಲಿಲ್ಲ. ಕಪಾಟಿನಿಂದ ಪದ್ದುವಿನ ಬಟ್ಟೆ ತೆಗೆದು ಮೇಜಿನ ಮೇಲೆ ಹಾಸಿ, "ಹತ್ತಿ ಒಳ್ಗೇ ಹೊಲಿತ್ರ್ಯಾ?" ಎಂದು ಕೇಳಿದಳು.

"ಹೌದ್. ಅಲ್ಲಾಡ್ಬಾರ್ದಲೆ."

"ಒಗ್ದ್ರೆ ಗಂಟ್ ಕಟ್ತಿಲ್ಯಾ ಅತ್ತೆ? ಮೇ ತಿಂಗ್ಳ್ ಬೆವ್ರಿಗೆ ವಾಸ್ನಿ ಬತ್ತಿಲ್ಯಾ? ಒಳ್ಗೆ ಒಂದ್ ಕಿಸೆ ಮಾಡ್ವ. ತೆಗ್ದ್ ಒಗ್ದ್, ಒಣ್ಸಿ ಮತ್ತೆ ಹಾಕ್ಕಂಬುಕಾತ್ತ್."

ಪ್ರಫುಲ್ಲಾ ಕಣ್ಣೊರೆಸುವುದನ್ನು ಬಿಟ್ಟು ಸೊಸೆಯನ್ನೇ ನೋಡಿದಳು. "ಇಷ್ಟ್ ವರ್ಷ ನಂಗ್ ಇದ್ ಹೊಳಿಲಿಲ್ಲೆ ಕಾಣ್."

ಮದುವೆಗೆ ಎರಡು ದಿನ ಇರುವಾಗ ಪದ್ದು ಬಂದಳು. ಮೊದಲು ಒಂದು ಕಣ್ಣಿನ ಪೊರೆ ತೆಗೆದಿದ್ದರು. ಪ್ರಫುಲ್ಲಾ ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತಿದ್ದಳು. ಪರದೆಯ ಒಳಗೆ ಮೂವರೇ. ಸೌಮ್ಯ ಮೊದಲ ಸಲ ಪದ್ದುವಿನ ಬದಿಗೆ ನಿಂತು, ಅವಳ ಎದೆಯ ಗಾಯದ ಗೆರೆಯನ್ನು ಕಂಡೂ ಕೈ ತಡೆಯದೆ ಹುಕ್ಕು ಹಾಕಿದಳು. ಪದ್ದು ಬಾಗಿಸಿದ ತಲೆ ಎತ್ತಲಿಲ್ಲ.

"ಕನ್ನಡಿ ಕಾಣಿ ಪದ್ದಕ್ಕ."

ಪದ್ದು ಕಂಡಳು. ಪಕ್ಕಕ್ಕೆ ತಿರುಗಿ ಕಂಡಳು. ಸೆರಗು ಮುಂದಕ್ಕೆ ಎಳೆದುಕೊಳ್ಳಲು ಹೋದ ಕೈ ಅರ್ಧದಲ್ಲೇ ನಿಂತಿತು. ಪ್ರಫುಲ್ಲಾ ಎದ್ದು ಬಂದು ಎರಡೂ ಬದಿಯ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದಳು. ಕಂಕುಳ ಹತ್ತಿರ ಮತ್ತೊಮ್ಮೆ ಸವರಿದಳು. ಸೊಸೆಯ ಕೆಲಸದಲ್ಲಿ ಒಂದು ತಪ್ಪು ಹುಡುಕದೆ ಬಿಡುವ ರೂಢಿ ಅವಳಿಗಿರಲಿಲ್ಲ. ಅಂದು ಏನೂ ಹೇಳದೆ ಹೋಗಿ ಸ್ಟೂಲಿನಲ್ಲಿ ಕೂತಳು.

"ಹ್ವಾಯ್, ಮೀನ್ ಸಾರ್ ತಣೀತಾ ಇತ್ತ್! ಉಪ್ಪೂ ಹಾಕಿದೆ!" ಎಂದು ಒಳಗಿನಿಂದ ಮುತ್ತ ಕೂಗಿದ.

ಪದ್ದು ಎರಡೂ ಕೈ ಮೇಲೆತ್ತಿ, ಬಿಚ್ಚಿಹೋಗಿದ್ದ ತುರುಬನ್ನು ಕನ್ನಡಿಯ ಮುಂದೆಯೇ ಬಿಗಿಯಾಗಿ ಕಟ್ಟಿಕೊಂಡಳು. ಆಮೇಲೆ ಸೌಮ್ಯಳ ಕಡೆ ತಿರುಗಿದಳು.

"ಇದೇ ಅಳ್ತಿಗ್ ಇನ್ನೊಂದ್ ಹೊಲ್ದಿಡ್ತ್ಯಾ ಮಗಾ? ಬಣ್ಣ ಕೆಂಪ್ ಇರ್ಲಿ."